ಕಪ್ಪು ಟ್ಯಾಗ್ ಯಾರಿಗೆ, ಯಾಕೆ, ಕಟ್ಟುವವರು ಯಾರು?

ದಾರಿಹೋಕ:
ಪ್ರಥಮ ಚಿಕಿತ್ಸೆಯ ಸ್ವಯಂಸೇವಕರ ತರಬೇತಿಗೆ ಹೋಗುತ್ತಿದ್ದೇನೆ. ಅಲ್ಲಿ ಹೇಳಿಕೊಟ್ಟ ಒಂದು ಮಾತು ಗಂಟಲಲ್ಲಿ ಇಳಿಯುತ್ತಿಲ್ಲ. ಒಂದೇ ಸಲ ಹತ್ತಾರು ಜನ ಗಾಯಗೊಂಡು ಬಿದ್ದಿರುವ ಕಡೆ, ಉಸಿರಾಡದವರ ತಲೆಯನ್ನು ಹಿಂದಕ್ಕೆ ವಾಲಿಸಿ ಉಸಿರಿನ ದಾರಿ ತೆರೆಯಬೇಕಂತೆ. ಆಗಲೂ ಉಸಿರು ಬರದಿದ್ದರೆ ಕಪ್ಪು ಟ್ಯಾಗ್ ಕಟ್ಟಿ ಮುಂದೆ ಹೋಗಬೇಕಂತೆ. ಎದೆ ಒತ್ತುವ ಹಾಗಿಲ್ಲ.

ಅದೇ ವ್ಯಕ್ತಿ ಮಾಮೂಲಿ ದಿನ ರಸ್ತೆಯಲ್ಲಿ ಕುಸಿದು ಬಿದ್ದಿದ್ದರೆ ಆಂಬುಲೆನ್ಸ್ ಬರುವವರೆಗೂ ಎದೆ ಒತ್ತುತ್ತಲೇ ಇರಿ ಅಂತ ಇದೇ ತರಬೇತಿಯಲ್ಲಿ ಕಲಿಸಿದ್ದಾರೆ. ಹಾಗಾದರೆ ಒಂದು ಜೀವದ ಬೆಲೆ ಪಕ್ಕದಲ್ಲಿ ಎಷ್ಟು ಜನ ಬಿದ್ದಿದ್ದಾರೆ ಅನ್ನೋದರ ಮೇಲೆ ನಿಲ್ಲುತ್ತಾ? ಇದನ್ನು ಯಾರು ತೀರ್ಮಾನ ಮಾಡಿದರು? ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ಬಿಡಿಸಿ ಹೇಳಿ.

ರಾತ್ರಿಪಾಳಿ:
ತುರ್ತು ವಿಭಾಗದಲ್ಲಿ ನರ್ಸ್ ನಾನು. ನಿಮಗೆ ಕಲಿಸಿದ್ದು ಸ್ಟಾರ್ಟ್ ಅನ್ನುವ ಪದ್ಧತಿ. 1983ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಆಸ್ಪತ್ರೆ ಮತ್ತು ಅಗ್ನಿಶಾಮಕ ದಳ ಸೇರಿ ಮಾಡಿದ್ದು. ಒಬ್ಬರಿಗೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಕೊಡಬಾರದು ಅನ್ನುವುದೇ ಅದರ ಜೀವಾಳ.

ಮೊದಲು ಕೂಗಿ ಹೇಳುತ್ತೇವೆ, ನಡೆಯೋಕೆ ಆಗುವವರು ಆ ಕಡೆ ಹೋಗಿ ಅಂತ. ಹೋದವರೆಲ್ಲ ಹಸಿರು, ಅಂದರೆ ಸಣ್ಣ ಗಾಯದವರು. ಉಳಿದವರಲ್ಲಿ ಉಸಿರು ನೋಡುತ್ತೇವೆ. ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದ್ದರೆ ಕೆಂಪು, ಅಂದರೆ ಎಲ್ಲರಿಗಿಂತ ಮೊದಲು ನೋಡಬೇಕಾದವರು. ಆಮೇಲೆ ಉಗುರು ಒತ್ತಿ ಬಿಟ್ಟರೆ ಬಣ್ಣ ವಾಪಸ್ ಬರೋಕೆ 2 ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತಾ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಾ? ಸಿಗದಿದ್ದರೆ ಕೆಂಪು. ಕೊನೆಗೆ, ‘ನನ್ನ ಬೆರಳು ಹಿಡಿದು ಒತ್ತಿ’ ಅಂದರೆ ಒತ್ತುತ್ತಾರಾ? ಒತ್ತದಿದ್ದರೆ ಕೆಂಪು, ಒತ್ತಿದರೆ ಹಳದಿ, ಅಂದರೆ ಸ್ವಲ್ಪ ಹೊತ್ತು ಕಾಯಬಲ್ಲವರು. ಅಷ್ಟೇ. ಎಲ್ಲಿ ಮುರಿದಿದೆ, ಯಾರು ಏನು ಅಂತ ಕೇಳುವುದೇ ಇಲ್ಲ.

ಇನ್ನು ಸಿಪಿಆರ್, ಅಂದರೆ ನೀವು ಕೇಳಿದ ಎದೆ ಒತ್ತುವ ವಿಷಯ. ದೊಡ್ಡ ಪೆಟ್ಟಿನಿಂದ ಉಸಿರು ನಾಡಿ ಎರಡೂ ನಿಂತವರನ್ನು ಬರೀ ಎದೆ ಒತ್ತಿ ಉಳಿಸಿಕೊಳ್ಳುವುದು ಎಲ್ಲ ಅನುಕೂಲ ಇರುವ ಆಸ್ಪತ್ರೆಯಲ್ಲೂ ಅಪರೂಪ. ಆದರೆ ಒತ್ತೋಕೆ ಕೂತ ಇಬ್ಬರು ಅಲ್ಲಿಂದ ಏಳುವ ಹಾಗಿಲ್ಲ. ಅಷ್ಟು ಹೊತ್ತಿನಲ್ಲಿ ಮೂರು ಮೀಟರ್ ದೂರದಲ್ಲಿ ತೊಡೆಯಿಂದ ರಕ್ತ ಹರಿಯುತ್ತಿರುವವನಿಗೆ ಒಂದು ಬಿಗಿಪಟ್ಟಿ ಕಟ್ಟಿದ್ದರೆ ಅವನು ಬದುಕುತ್ತಿದ್ದ. ಜೀವದ ಬೆಲೆ ಬದಲಾಗಲ್ಲ. ಎರಡು ಕೈ ಎಲ್ಲಿ ಉಪಯೋಗಕ್ಕೆ ಬರುತ್ತವೆ ಅನ್ನುವುದು ಬದಲಾಗುತ್ತೆ.

ಲೆಕ್ಕದವ:
ಇದರಲ್ಲಿ ಗೊಂದಲ ಏನಿದೆ ಅಂತ ನನಗೆ ಅರ್ಥ ಆಗಲಿಲ್ಲ. ಇರುವುದರಲ್ಲಿ ಎಷ್ಟು ಜಾಸ್ತಿ ಜನ ಬದುಕುತ್ತಾರೋ ಅಷ್ಟು ಜನರನ್ನು ಉಳಿಸಬೇಕು. ಭಾವನೆಗೆ ಜಾಗ ಕೊಟ್ಟರೆ ಹೆಣ ಜಾಸ್ತಿ ಬೀಳುತ್ತೆ. ಅಮೆರಿಕದ ಸರ್ಜನ್ ಎರಿಕ್ ಫ್ರೈಕ್‌ಬರ್ಗ್ ಬಾಂಬ್ ಸ್ಫೋಟಗಳ ದಾಖಲೆ ನೋಡಿ 2002ರಲ್ಲಿ ತೋರಿಸಿದ್ದು ಇದನ್ನೇ. ಅಷ್ಟೇನೂ ತೀವ್ರವಲ್ಲದ ಗಾಯದವರಿಗೆ ‘ಪಾಪ’ ಅಂತ ಕೆಂಪು ಕೊಟ್ಟಷ್ಟೂ, ನಿಜವಾಗಿ ಸಾಯುವ ಸ್ಥಿತಿಯಲ್ಲಿದ್ದವರ ಸಾವಿನ ಪ್ರಮಾಣ ಏರುತ್ತಾ ಹೋಗಿತ್ತು. ಮಾಮೂಲಿ ದಿನದಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ವಹಿಸಿದರೆ ಯಾರಿಗೂ ನಷ್ಟ ಇಲ್ಲ. ದುರಂತದಲ್ಲಿ ಅದೇ ಎಚ್ಚರ ಇನ್ನೊಬ್ಬನನ್ನು ಕೊಲ್ಲುತ್ತೆ.

ನಿವೃತ್ತ ಮೇಷ್ಟ್ರು:
ಲೆಕ್ಕದವರೇ, ನೀವು ‘ಗೊಂದಲ ಇಲ್ಲ’ ಅಂದ ಜಾಗದಲ್ಲೇ ನಾನು ಮೂವತ್ತು ವರ್ಷ ತತ್ವಶಾಸ್ತ್ರದ ಪಾಠ ಮಾಡಿದ್ದೇನೆ, ಅಷ್ಟು ಸುಲಭವಾಗಿ ನನ್ನ ಸಂಬಳ ದಂಡ ಅಂದುಬಿಡಬೇಡಿ.

1977ರಲ್ಲಿ ಜಾನ್ ಟಾರೆಕ್ ಎಂಬ ಅಮೆರಿಕದ ತತ್ವಜ್ಞಾನಿ ಒಂದು ತಂಟೆ ತೆಗೆದ. ಒಬ್ಬನಿಗೆ ಬದುಕಲು ಪೂರ್ತಿ ಔಷಧ ಬೇಕು. ಇನ್ನು ಐದು ಜನಕ್ಕೆ ಅದರಲ್ಲಿ ಐದನೇ ಒಂದು ಭಾಗ ಸಾಕು. ನಾವೆಲ್ಲ ಕಣ್ಣು ಮುಚ್ಚಿಕೊಂಡು ‘ಐದು ಜನಕ್ಕೆ’ ಅನ್ನುತ್ತೇವೆ. ಟಾರೆಕ್ ಕೇಳಿದ್ದು ಇಷ್ಟು: ಆ ಒಬ್ಬ ಸತ್ತರೆ ಅವನು ಕಳೆದುಕೊಳ್ಳುವುದು ಅವನ ಪೂರ್ತಿ ಬದುಕನ್ನು. ಐವರಲ್ಲಿ ಪ್ರತಿಯೊಬ್ಬನೂ ಕಳೆದುಕೊಳ್ಳುವುದು ಅಷ್ಟನ್ನೇ. ಐದು ಜನರ ನಷ್ಟವನ್ನು ಕೂಡಿಸಿ ಒಟ್ಟಿಗೆ ಅನುಭವಿಸುವವನು ಯಾರಿದ್ದಾನೆ? ಯಾರೂ ಇಲ್ಲ. ಹಾಗಾಗಿ ನಾಣ್ಯ ಚಿಮ್ಮಿ, ಆರೂ ಜನಕ್ಕೆ ಸಮನಾದ ಅವಕಾಶ ಕೊಡಿ ಅಂದ.

ನಾನು ಅವನ ಮಾತು ಒಪ್ಪಲ್ಲ. ಆದರೆ ‘ಜಾಸ್ತಿ ಜನ’ ಅನ್ನುವ ಉತ್ತರಕ್ಕೆ ಕಾರಣ ಕೊಡಬೇಕಾಗುತ್ತೆ, ಅದು ತಾನಾಗಿಯೇ ನಿಲ್ಲಲ್ಲ ಅಂತ ತೋರಿಸಿದ.

ಲೆಕ್ಕದವ:
ಮೇಷ್ಟ್ರೇ, ಆ ಆರು ಜನಕ್ಕೆ ಯಾರು ಯಾವ ಗುಂಪಿಗೆ ಬೀಳುತ್ತೇವೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ, ಆರೂ ಜನ ‘ಐದನ್ನು ಉಳಿಸುವ ನಿಯಮ ಇರಲಿ’ ಅಂತಲೇ ಕೈ ಎತ್ತುತ್ತಾರೆ. ಪ್ರತಿಯೊಬ್ಬನಿಗೂ ಬದುಕುವ ಸಾಧ್ಯತೆ ಆರರಲ್ಲಿ ಐದು. ನಾಣ್ಯ ಚಿಮ್ಮಿದರೆ ಎರಡರಲ್ಲಿ ಒಂದು. ಕಾರಣ ಸಿಕ್ಕಿತಲ್ಲ.

ನಿವೃತ್ತ ಮೇಷ್ಟ್ರು:
ಸಿಕ್ಕಿತು, ‘ಮೊದಲೇ ಗೊತ್ತಿಲ್ಲದಿದ್ದರೆ’ ಅನ್ನುವ ಷರತ್ತಿನ ಮೇಲೆ. ಕೆಲವರಿಗೆ ಮೊದಲೇ ಗೊತ್ತಿರುತ್ತೆ. ಅವರು ಬಂದು ಮಾತಾಡಲಿ ಅಂತ ಕಾಯುತ್ತಿದ್ದೇನೆ.

ಬೇರೆ ಏನೂ ಬೇಡ, ಸರದಿ ಪ್ರಕಾರ ನೋಡಿ ಅನ್ನುವವರೂ ಇದ್ದಾರೆ. ರಾತ್ರಿಪಾಳಿ ಮೇಡಂ, ಮೊದಲು ಬಂದವರಿಗೆ ಮೊದಲು ಅಂದರೆ ಏನಾಗುತ್ತೆ?

ರಾತ್ರಿಪಾಳಿ:
ಮೊದಲು ಬರುವವರು ಕಾಲಲ್ಲಿ ಶಕ್ತಿ ಇರುವವರು ಮೇಷ್ಟ್ರೇ. ದೊಡ್ಡ ಅವಘಡ ಆದ ತಕ್ಷಣ ಹತ್ತಿರದ ಆಸ್ಪತ್ರೆಗೆ ನುಗ್ಗುವವರು ಸಣ್ಣ ಗಾಯದವರು, ಗಾಬರಿಯಾದವರು. ತಾವೇ ನಡೆದುಕೊಂಡು, ಸಿಕ್ಕ ಗಾಡಿ ಹತ್ತಿಕೊಂಡು ಬರುತ್ತಾರೆ. 1995ರಲ್ಲಿ ಟೋಕಿಯೋ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ಬಿಟ್ಟಾಗ ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಒಂದೇ ದಿನ 640 ಜನ ಬಂದರು. ಹೆಚ್ಚಿನವರು ಆಂಬುಲೆನ್ಸಿನಲ್ಲಿ ಬಂದವರಲ್ಲ. ಕುಸಿದ ಗೋಡೆಯ ಕೆಳಗಿಂದ ಎತ್ತಿ ತರಬೇಕಾದವನು ಎರಡನೇ ಅಲೆಯಲ್ಲಿ ಬರುತ್ತಾನೆ. ಅಷ್ಟು ಹೊತ್ತಿಗೆ ಮಂಚ ತುಂಬಿರುತ್ತೆ.

ಹಾಗಾಗಿ ಸರದಿ ಸಾಲು ನ್ಯಾಯವಾಗಿ ಕಾಣುತ್ತೆ, ಆದರೆ ಅದು ಅದೃಷ್ಟವಂತರ ಸಾಲು. ಮನೆ ಹತ್ತಿರ ಇರುವವರು, ಗಾಡಿ ಇರುವವರು, ಜೋರು ಬಾಯಿ ಇರುವವರು ಮುಂದೆ ನಿಂತಿರುತ್ತಾರೆ.

ಗಾಲಿಕುರ್ಚಿ:
ಮೇಷ್ಟ್ರು ಕಾಯುತ್ತಿದ್ದದ್ದು ನನಗೆ ಅಂತ ಕಾಣುತ್ತೆ. ಬಂದೆ.

ಮೇಲೆ ಮೇಡಂ ಹೇಳಿದ ಮೊದಲ ಪರೀಕ್ಷೆಯನ್ನೇ ನೋಡಿ. ‘ನಡೆಯೋಕೆ ಆಗುವವರು ಆ ಕಡೆ ಹೋಗಿ.’ ನಾನು ಹುಟ್ಟಿದಾಗಿನಿಂದ ನಡೆದಿಲ್ಲ. ಮೈಮೇಲೆ ಒಂದು ಗೀರೂ ಇಲ್ಲದಿದ್ದರೂ ನಾನು ಹಸಿರು ಅಲ್ಲ. ಇದರಿಂದ ನನಗೆ ತೊಂದರೆ ಇಲ್ಲ ಬಿಡಿ, ಒಂದು ಮೆಟ್ಟಿಲು ಮೇಲೆ ಹೋಗುತ್ತೇನೆ ಅಷ್ಟೇ. ಕಿವಿ ಕೇಳದವರು ‘ಬೆರಳು ಒತ್ತಿ’ ಅಂದಾಗ ಒತ್ತಲ್ಲ, ಅವರು ಕೆಂಪು. ತಮಾಷೆಯಾಗಿದೆ.

ಆಸ್ಪತ್ರೆಯ ಒಳಗೆ ಹೋದ ಮೇಲೆ ತಮಾಷೆ ಇರಲ್ಲ. ಅಮೆರಿಕದ ಅಲಬಾಮಾ ರಾಜ್ಯದ 2010ರ ಯೋಜನೆಯಲ್ಲಿ, ತೀವ್ರ ಬುದ್ಧಿಮಾಂದ್ಯತೆ ಇರುವವರು ವೆಂಟಿಲೇಟರಿಗೆ ಅಷ್ಟು ತಕ್ಕವರಲ್ಲದೆ ಇರಬಹುದು ಅಂತ ಬರೆದಿತ್ತು. ಬುದ್ಧಿಮಾಂದ್ಯತೆಗೂ ಶ್ವಾಸಕೋಶಕ್ಕೂ ಏನು ಸಂಬಂಧ? 2020ರಲ್ಲಿ ದೂರು ಹೋದ ಮೇಲೆ ಅದನ್ನು ಕೈಬಿಟ್ಟರು. ಅದೇ ವರ್ಷದ ಮಾರ್ಚ್‌ನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ, ಐಸಿಯುಗೆ ಸೇರಿಸುವಾಗ ರೋಗಿ ಎಷ್ಟು ದುರ್ಬಲ ಅಂತ ಅಳೆಯುವ ಒಂದು ಪಟ್ಟಿ ಬಳಸಿ ಅಂದಿತು. ಸ್ನಾನಕ್ಕೆ, ಬಟ್ಟೆ ಹಾಕಿಕೊಳ್ಳೋಕೆ ಬೇರೆಯವರ ನೆರವು ಬೇಕಿದ್ದರೆ ಅಂಕ ಏರುತ್ತೆ. ವಯಸ್ಸಾದವರಿಗೆ ಅಂತ ಮಾಡಿದ ಪಟ್ಟಿ ಅದು. ಇಪ್ಪತ್ತೈದು ವರ್ಷದ, ಗಟ್ಟಿಮುಟ್ಟಾದ ಎದೆಯ, ಕೈಕಾಲು ಸ್ವಾಧೀನ ಇಲ್ಲದ ಹುಡುಗಿಯನ್ನು ಅದು ‘ತೀರಾ ದುರ್ಬಲ’ ಅನ್ನುತ್ತೆ. ಗಲಾಟೆ ಆಯಿತು, ಕೆಲವೇ ದಿನದಲ್ಲಿ ತಿದ್ದಿದರು. 65ಕ್ಕಿಂತ ಕಡಿಮೆ ವಯಸ್ಸಿನವರಿಗೆ, ಬದಲಾಗದ ಅಂಗವೈಕಲ್ಯ ಇರುವವರಿಗೆ ಬಳಸಬೇಡಿ ಅಂತ.

ಗಲಾಟೆ ಮಾಡೋಕೆ ನಮಗೆ ಕೆಲವು ದಿನ ಸಿಕ್ಕಿತು. ಭೂಕಂಪದ ರಾತ್ರಿ ಸಿಗಲ್ಲ. ಲೆಕ್ಕದವರೇ, ನಿಮ್ಮ ಆರು ಜನರಲ್ಲಿ ‘ನಾನು ಯಾವ ಗುಂಪಿಗೆ ಬೀಳುತ್ತೇನೆ’ ಅಂತ ನನಗೆ ಈಗಲೇ ಗೊತ್ತು.

ಲೆಕ್ಕದವ:
ಗಾಲಿಕುರ್ಚಿಯವರೇ, ಅದು ಲೆಕ್ಕದ ದೋಷ ಅಲ್ಲ, ತಪ್ಪು ಅಂಕಿ ಹಾಕಿದವರ ದೋಷ. ಈ ಚಿಕಿತ್ಸೆ ಕೊಟ್ಟರೆ ಈ ಅವಘಡದಿಂದ ಬದುಕಿ ಹೊರಗೆ ಬರುತ್ತಾರಾ ಅನ್ನುವುದೊಂದೇ ಪ್ರಶ್ನೆ. ಆಮೇಲೆ ಎಂಥ ಬದುಕು, ಎಷ್ಟು ವರ್ಷ ಅನ್ನುವುದನ್ನು ನಾನೂ ಸೇರಿಸಲ್ಲ. ಅದಕ್ಕೆ ಸೋಫಾ ಅಂಕ ಇದೆಯಲ್ಲ, ಅಂಗಾಂಗ ಕೆಟ್ಟಷ್ಟೂ ಏರುವ ಅಂಕ. ಶ್ವಾಸಕೋಶ, ರಕ್ತ ಹೆಪ್ಪುಗಟ್ಟುವಿಕೆ, ಯಕೃತ್ತು, ಹೃದಯ, ಮೆದುಳು, ಮೂತ್ರಪಿಂಡ, ಆರಕ್ಕೂ 0ಯಿಂದ 4. ಒಟ್ಟು 24. ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಗಾಲಿಕುರ್ಚಿ:
ಮೆದುಳಿಗೆ ಅಂಕ ಕೊಡುವುದು ಮಾತಾಡುತ್ತಾರಾ, ಹೇಳಿದಂತೆ ಕೈಕಾಲು ಆಡಿಸುತ್ತಾರಾ ಅಂತ ನೋಡಿ. ಹುಟ್ಟಿನಿಂದ ಮಾತು ಬಾರದವನಿಗೆ ಅಲ್ಲೇ ಕೆಟ್ಟ ಅಂಕ ಬೀಳುತ್ತೆ. ಮುಖ ನೋಡದಿದ್ದರೆ ಅದೂ ಗೊತ್ತಾಗಲ್ಲ.

ರಾತ್ರಿಪಾಳಿ:
ಅವರು ಹೇಳುವುದು ಸರಿ. ಜೊತೆಗೆ, ಸೋಫಾ ಅಂಕ 1996ರಲ್ಲಿ ಬಂದದ್ದು ಐಸಿಯುನಲ್ಲಿ ನಂಜೇರಿದ ರೋಗಿಯ ಅಂಗಾಂಗ ಎಷ್ಟು ಕೆಟ್ಟಿದೆ ಅಂತ ವಿವರಿಸೋಕೆ. ವೆಂಟಿಲೇಟರ್ ಹಂಚೋಕೆ ಅಂತ ಮಾಡಿದ್ದಲ್ಲ. ಹಳೆಯ ಕಿಡ್ನಿ ಕಾಯಿಲೆ ಇರುವವರ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತದ ಅಂಶ) ಯಾವಾಗಲೂ ಜಾಸ್ತಿ ಇರುತ್ತೆ, ಅದರಿಂದ ಅಂಕವೂ ಏರುತ್ತೆ. ಬಡವರಲ್ಲಿ, ಕಾಲಕಾಲಕ್ಕೆ ಡಾಕ್ಟರನ್ನು ನೋಡೋಕೆ ಆಗದವರಲ್ಲಿ ಆ ಕಾಯಿಲೆ ಹೆಚ್ಚು. ಮೊದಲೇ ಅನ್ಯಾಯ ಆದವರಿಗೆ ಅಂಕದ ಹೆಸರಲ್ಲಿ ಇನ್ನೊಂದು ಸಲ ಆಗುತ್ತೆ.

ಆದರೂ ಅಂಕ ಬೇಡ ಅನ್ನೋಕೆ ನನಗೆ ಧೈರ್ಯ ಇಲ್ಲ. ಅಂಕ ಇಲ್ಲದಿದ್ದರೆ ಪರಿಚಯದವರು, ಪ್ರಭಾವ ಇರುವವರು ಬರುತ್ತಾರೆ. ಫೋನ್ ಬರುತ್ತೆ.

ಇಬ್ಬರು ಮಕ್ಕಳಮ್ಮ:
ಎಲ್ಲರೂ ದೊಡ್ಡ ದೊಡ್ಡ ಮಾತು ಆಡುತ್ತಿದ್ದೀರಿ. ಮಗು ಮೊದಲು ಅಂತ ಒಂದು ನಿಯಮ ಮಾಡಿದರೆ ಆಗಲ್ವಾ? ನನ್ನನ್ನು ಬಿಟ್ಟು ನನ್ನ ಮಗುವನ್ನು ನೋಡಿ ಅಂತ ಯಾವ ತಾಯಿಯಾದರೂ ಹೇಳುತ್ತಾಳೆ.

ರಾತ್ರಿಪಾಳಿ:
ಅಕ್ಕ, ಮಕ್ಕಳಿಗೆ ಬೇರೆ ಪದ್ಧತಿಯೇ ಇದೆ. 1995ರಲ್ಲಿ ಬಂತು, ಜಂಪ್‌ಸ್ಟಾರ್ಟ್ ಅಂತಾರೆ. ದಾರಿಹೋಕರೂ ಇದನ್ನು ಗಮನಿಸಿ, ನಿಮ್ಮ ಕಪ್ಪು ಟ್ಯಾಗ್ ನಿಯಮ ಮಕ್ಕಳಿಗೆ ಹಾಗೇ ಅನ್ವಯ ಆಗಲ್ಲ. ದೊಡ್ಡವರಿಗೆ ಪೆಟ್ಟಿನಿಂದ ಉಸಿರು ನಿಂತಿದೆ ಅಂದರೆ ಸಾಮಾನ್ಯವಾಗಿ ಹೃದಯವೂ ಮುಗಿದಿರುತ್ತೆ. ಮಕ್ಕಳಲ್ಲಿ ಉಸಿರು ಮೊದಲು ನಿಲ್ಲುತ್ತೆ, ನಾಡಿ ಇನ್ನೂ ಸ್ವಲ್ಪ ಹೊತ್ತು ಇರುತ್ತೆ. ಹಾಗಾಗಿ ನಾಡಿ ಸಿಕ್ಕರೆ ಐದು ಸಲ ಉಸಿರು ಊದಿ ನೋಡುತ್ತೇವೆ. ಬಂದರೆ ಕೆಂಪು. ಇದು ಮಗು ಅನ್ನುವ ಕರುಣೆಗಲ್ಲ, ಮಗುವಿನ ದೇಹ ಹಾಗೆ ಕೆಲಸ ಮಾಡುತ್ತೆ ಅಂತ.

ಮಗು ಅನ್ನುವ ಒಂದೇ ಕಾರಣಕ್ಕೆ ಹಸಿರಿನ ಮಗುವನ್ನು ಕೆಂಪಿನ ಅಜ್ಜನ ಮುಂದೆ ಎತ್ತಿಕೊಂಡು ಹೋಗಬಾರದು. ಜನ ಹಾಗೆ ಮಾಡುತ್ತಾರೆ. ತಡೆಯೋದು ಬಹಳ ಕಷ್ಟ.

ನಿವೃತ್ತ ಮೇಷ್ಟ್ರು:
ವಯಸ್ಸಿನ ವಾದಕ್ಕೆ ಒಂದು ಗೌರವದ ರೂಪವೂ ಇದೆ. ಎಪ್ಪತ್ತು ದಾಟಿದ ನಾನು ಬದುಕಿನ ಹೆಚ್ಚಿನ ಹಂತ ಕಂಡಿದ್ದೇನೆ, ಹತ್ತು ವರ್ಷದ ಹುಡುಗ ಕಂಡಿಲ್ಲ, ಅವನಿಗೂ ಒಂದು ಸರದಿ ಸಿಗಲಿ ಅನ್ನುವುದು. ನನ್ನ ವಿಷಯದಲ್ಲಿ ನಾನು ಒಪ್ಪುತ್ತೇನೆ. ಆದರೆ ನಾನಾಗಿ ಬಿಟ್ಟುಕೊಡುವುದು ಬೇರೆ, ನನ್ನಿಂದ ಕಿತ್ತುಕೊಳ್ಳುವುದು ಬೇರೆ. 2020ರ ಮಾರ್ಚ್ 6ರಂದು ಇಟಲಿಯ ಅರಿವಳಿಕೆ ಮತ್ತು ತೀವ್ರ ನಿಗಾ ವೈದ್ಯರ ಸಂಘ, ಕೊನೆಗೆ ಐಸಿಯು ಪ್ರವೇಶಕ್ಕೆ ವಯಸ್ಸಿನ ಮಿತಿ ಹಾಕಬೇಕಾಗಬಹುದು ಅಂತ ಬಹಿರಂಗವಾಗಿ ಬರೆದಾಗ ಜಗತ್ತೆಲ್ಲ ಬೈಯಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಒಳಗೊಳಗೇ ಮಾಡುವುದಕ್ಕಿಂತ ಹೇಳಿ ಮಾಡಿದರು. ಹೇಳಿದ್ದರಿಂದಲೇ ಬೈಯೋಕೆ ಸಾಧ್ಯ ಆಯಿತು.

ಹೊಸ ಅಕ್ಕಿ:
ಬಹಳ ದಿನದಿಂದ ಸುಮ್ನೆ ಓದುತ್ತಿದ್ದೆ, ಈಗ ಬರೆಯಬೇಕು ಅನ್ನಿಸಿತು. ಕಾನೂನು ಓದಿದವಳು ನಾನು. ‘ಒಳಗೊಳಗೇ’ ಅಂದರೆ ಏನಾಗುತ್ತೆ ಅನ್ನೋಕೆ ಒಂದು ಉದಾಹರಣೆ.

2005ರ ಆಗಸ್ಟ್ ಕೊನೆಗೆ ಕತ್ರಿನಾ ಚಂಡಮಾರುತ. ನ್ಯೂ ಆರ್ಲಿಯನ್ಸ್ ನಗರದ ಮೆಮೋರಿಯಲ್ ಆಸ್ಪತ್ರೆಯ ಸುತ್ತ ನೀರು ತುಂಬಿತು, ಆಮೇಲೆ ಜನರೇಟರೂ ನಿಂತಿತು. ಒಳಗೆ ಸೆಕೆ, ಕತ್ತಲೆ, ಲಿಫ್ಟ್ ಇಲ್ಲ. ದೋಣಿ, ಹೆಲಿಕಾಪ್ಟರ್ ಬಂದರೆ ಯಾರನ್ನು ಮೊದಲು ಕಳಿಸಬೇಕು ಅಂತ ಕೆಲವು ವೈದ್ಯರು ಕೂತು ಮಾತಾಡಿದರು. ನಡೆಯಬಲ್ಲವರು ಮೊದಲು. ತೀರಾ ಕಾಯಿಲೆಯವರು ಕೊನೆಗೆ. ‘ಹೃದಯ ನಿಂತರೆ ಮತ್ತೆ ಚಾಲೂ ಮಾಡುವ ಪ್ರಯತ್ನ ಬೇಡ’ ಅಂತ ಬರೆದುಕೊಟ್ಟಿದ್ದವರೂ ಕೊನೆಗೆ.

ಆ ಕೊನೆಯ ಗುಂಪನ್ನು ನೋಡಿ. ಆ ಕಾಗದಕ್ಕೆ ಸಹಿ ಹಾಕಿದ ಮನುಷ್ಯ ಕೇಳಿದ್ದು, ನನ್ನ ಹೃದಯ ತಾನಾಗಿ ನಿಂತಾಗ ನನ್ನನ್ನು ಬಿಟ್ಟುಬಿಡಿ ಅಂತ. ನೆರೆಯಲ್ಲಿ ನನ್ನನ್ನು ಬಿಟ್ಟುಹೋಗಿ ಅಂತ ಅವನು ಎಲ್ಲೂ ಬರೆದಿರಲಿಲ್ಲ. ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಬಳಸಿದರು. ಬೇಕಂತ ಕೇಡು ಬಗೆದು ಮಾಡಿದ್ದಲ್ಲ. ನಿದ್ದೆ ಇಲ್ಲದ, ಕತ್ತಲಲ್ಲಿದ್ದ ಜನ ಕೈಗೆ ಸಿಕ್ಕ ಒಂದು ಗುರುತು ಹಿಡಿದುಕೊಂಡರು. ಕೊನೆಗೆ ಅಲ್ಲಿ 45 ಶವ ಸಿಕ್ಕವು. ಕೆಲವು ರೋಗಿಗಳಿಗೆ ಮಾರ್ಫಿನ್ ಮತ್ತು ಮಂಪರು ಔಷಧ ಕೊಟ್ಟು ಸಾವು ತಂದರು ಅನ್ನುವ ಆರೋಪದ ಮೇಲೆ 2006ರಲ್ಲಿ ಒಬ್ಬ ವೈದ್ಯೆ, ಇಬ್ಬರು ನರ್ಸ್ ಬಂಧನವಾಯಿತು. 2007ರಲ್ಲಿ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ನಡೆಯಬೇಕಾ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿ) ವೈದ್ಯೆಯ ಮೇಲೆ ಮೊಕದ್ದಮೆ ಹೂಡೋಕೆ ಒಪ್ಪಲಿಲ್ಲ.

ಆ ವೈದ್ಯೆ ಸರಿಯೋ ತಪ್ಪೋ ಅನ್ನುವುದಕ್ಕಿಂತ ನನ್ನನ್ನು ಕಾಡುವುದು, ನೀರು ಬರುವ ಮೊದಲು ಯಾರೂ ‘ಕೊನೆಗೆ ಯಾರು’ ಅನ್ನುವ ಪ್ರಶ್ನೆಯನ್ನು ಕಾಗದದ ಮೇಲೆ ಇಟ್ಟಿರಲಿಲ್ಲ ಅನ್ನುವುದು.

ಅಗ್ನಿದಳ:
ಡ್ಯೂಟಿಯಲ್ಲಿ ಇರುವವನು, ಚಿಕ್ಕದಾಗಿ ಹೇಳುತ್ತೇನೆ. ನಿಯಮ ಬರೆದಿಡಿ, ಆದರೆ ಕಲ್ಲಲ್ಲಿ ಕೆತ್ತಬೇಡಿ. ಸಿಡಿಲು ಬಡಿದ ಕಡೆ ಹೋದರೆ ನಮ್ಮ ಪದ್ಧತಿ ಪೂರ್ತಿ ತಿರುಗುಮುರುಗು. ಅಲ್ಲಿ ಸತ್ತಂತೆ ಬಿದ್ದವರ ಹತ್ತಿರ ಮೊದಲು ಓಡಬೇಕು. ಸಿಡಿಲಿಗೆ ನಿಂತ ಹೃದಯ ಎಷ್ಟೋ ಸಲ ತಾನೇ ಶುರುವಾಗುತ್ತೆ, ಉಸಿರು ಮಾತ್ರ ಶುರುವಾಗಲ್ಲ. ಆ ಉಸಿರನ್ನು ನಾವು ಕೊಟ್ಟರೆ ಮನುಷ್ಯ ಎದ್ದು ಕೂರುತ್ತಾನೆ. ನರಳುತ್ತಿರುವವರು ಹೇಗೂ ಬದುಕುತ್ತಾರೆ.

ಲೆಕ್ಕದವ:
ಇದು ನನಗೆ ಗೊತ್ತಿರಲಿಲ್ಲ. ನಿಯಮ ತಿರುಗಿತು, ಆದರೆ ಅದರ ಹಿಂದಿನ ಲೆಕ್ಕ ಅದೇ ಇದೆ ಅನ್ನುವುದನ್ನು ಗಮನಿಸಿ :)

ನನಗೊಂದು ಪ್ರಶ್ನೆ ಇದೆ. ಈಗಾಗಲೇ ವೆಂಟಿಲೇಟರಿನಲ್ಲಿ ಇರುವವನು ಬದುಕುವ ಸಾಧ್ಯತೆ ಕಡಿಮೆ. ಹೊರಗೆ ಬಂದವನಿಗೆ ಜಾಸ್ತಿ. ತೆಗೆದು ಇವನಿಗೆ ಹಾಕಬಹುದಾ? ನನ್ನ ಲೆಕ್ಕದಲ್ಲಿ ಕೊಡದೆ ಇರುವುದಕ್ಕೂ ಕೊಟ್ಟು ತೆಗೆಯುವುದಕ್ಕೂ ವ್ಯತ್ಯಾಸ ಇಲ್ಲ.

ಹೊಸ ಅಕ್ಕಿ:
ಕಾನೂನಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇರಬಹುದು. ಜರ್ಮನಿಯ ಕಥೆ ಕೇಳಿ. ಅಂಗವಿಕಲರು ದೂರು ಕೊಟ್ಟರು, 2021ರ ಡಿಸೆಂಬರಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ‘ಇವರನ್ನು ರಕ್ಷಿಸೋಕೆ ಕಾನೂನು ಮಾಡಲೇಬೇಕು’ ಅಂದಿತು. 2022ರಲ್ಲಿ ಸಂಸತ್ತು ಮಾಡಿತು. ಈಗಿನ, ಹತ್ತಿರದ ಬದುಕುಳಿಯುವ ಸಾಧ್ಯತೆ ಒಂದನ್ನೇ ನೋಡಬೇಕು. ಒಬ್ಬರಿಗೆ ಶುರು ಮಾಡಿದ ಚಿಕಿತ್ಸೆಯನ್ನು, ಅದು ಇನ್ನೂ ಬೇಕಿರುವಾಗ, ಇನ್ನೊಬ್ಬರಿಗಾಗಿ ತೆಗೆಯುವ ಹಾಗಿಲ್ಲ ಅಂತ. ಇದರ ವಿರುದ್ಧ ಕೋರ್ಟಿಗೆ ಹೋದವರು ವೈದ್ಯರೇ. ನಮ್ಮ ಕೈ ಕಟ್ಟಿಹಾಕಿದ್ದೀರಿ ಅಂತ. 2025ರಲ್ಲಿ ಅದೇ ನ್ಯಾಯಾಲಯ ಆ ನಿಯಮಗಳನ್ನು ರದ್ದು ಮಾಡಿತು. ಈ ಬಗ್ಗೆ ಕಾನೂನು ಮಾಡುವ ಅಧಿಕಾರವೇ ಕೇಂದ್ರಕ್ಕಿಲ್ಲ ಅಂದಿತು. ತೆಗೆಯಬಹುದಾ ಬಾರದಾ ಅನ್ನುವ ಪ್ರಶ್ನೆ ಅಲ್ಲೇ ಉಳಿಯಿತು.

ಗಾಲಿಕುರ್ಚಿ:
ನ್ಯೂಯಾರ್ಕ್ ರಾಜ್ಯದ 2015ರ ಮಾರ್ಗಸೂಚಿಯನ್ನೂ ಸೇರಿಸಿ. ಅಲ್ಲಿ ವೆಂಟಿಲೇಟರ್ ಕೊಡುವುದೇ ಪರೀಕ್ಷೆಯ ಅವಧಿ ಅಂತ. 48 ಗಂಟೆ ಆದಾಗ ಒಮ್ಮೆ, 120 ಗಂಟೆ ಆದಾಗ ಇನ್ನೊಮ್ಮೆ ನೋಡುತ್ತಾರೆ. ಸುಧಾರಿಸದಿದ್ದರೆ ತೆಗೆದು ಇನ್ನೊಬ್ಬರಿಗೆ. ಕೇಳೋಕೆ ಸರಿಯಾಗಿದೆ. ಆದರೆ ವರ್ಷಗಟ್ಟಲೆ ಸ್ವಂತ ವೆಂಟಿಲೇಟರಿನಲ್ಲಿ ಬದುಕುವ ನನ್ನಂಥವರು, ಬೇರೆ ಯಾವುದೋ ತೊಂದರೆಗೆ ಅಂಥ ಆಸ್ಪತ್ರೆಗೆ ಹೋದರೆ, ನಾವೂ ಅದೇ ಪಟ್ಟಿಗೆ ಸೇರುತ್ತೇವೆ. ನಮ್ಮ ಗೆಳೆಯರಲ್ಲಿ ಹಲವರು 2020ರಲ್ಲಿ ಆಸ್ಪತ್ರೆಗೆ ಹೋಗೋಕೇ ಹೆದರಿದ್ದು ಸುಮ್ನೆ ಅಲ್ಲ. ಅದು ನನ್ನ ಪಾಲಿಗೆ ಯಂತ್ರ ಅಲ್ಲ, ಶ್ವಾಸಕೋಶ. ನಿಮ್ಮ ಶ್ವಾಸಕೋಶ ಇನ್ನೊಬ್ಬರಿಗೆ ಚೆನ್ನಾಗಿ ಹೊಂದುತ್ತೆ ಅಂತ ಬಿಚ್ಚಿಕೊಡುತ್ತೀರಾ?

ಲೆಕ್ಕದವ:
ಇಲ್ಲ. ಅದನ್ನು ಬಿಚ್ಚಬಾರದು. ಆಸ್ಪತ್ರೆಯ ಯಂತ್ರದ ವಿಷಯದಲ್ಲಿ ಮಾತ್ರ ನನ್ನ ಮಾತು ಉಳಿಸಿಕೊಳ್ಳುತ್ತೇನೆ. ಪರೀಕ್ಷೆಯ ಅವಧಿ ಅಂತ ಮೊದಲ ಗಂಟೆಯಲ್ಲೇ ಮನೆಯವರಿಗೆ ಹೇಳಿದ್ದರೆ ಅದು ಕಿತ್ತುಕೊಂಡ ಹಾಗೆ ಅಲ್ಲ. ತೆಗೆಯೋ ಹಾಗಿಲ್ಲ ಅಂದರೆ ವೈದ್ಯರು ಅನುಮಾನ ಇರುವವರಿಗೆ ಮೊದಲೇ ಹಾಕಲ್ಲ. ಪ್ರಯತ್ನ ಮಾಡಿ ನೋಡುವ ಅವಕಾಶವೇ ತಪ್ಪುತ್ತೆ.

ರಾತ್ರಿಪಾಳಿ:
ಈ ಕೊನೆಯ ಮಾತು ನಿಜ, ನಾನೂ ಕಂಡಿದ್ದೇನೆ. ಆದರೆ ಕೊಡದೆ ಇರುವುದೂ ತೆಗೆಯುವುದೂ ಒಂದೇ ಅಂತ ತರಗತಿಯಲ್ಲಿ ಹೇಳಬಹುದು. ಎರಡು ದಿನ ಒಬ್ಬರ ಬಾಯಿ ಒರೆಸಿ, ಮಗ್ಗುಲು ಬದಲಿಸಿ, ಮಗಳ ಜೊತೆ ಫೋನಿನಲ್ಲಿ ಮಾತಾಡಿ, ಆಮೇಲೆ ಆ ಕೊಳವೆಗೆ ಕೈ ಹಾಕುವವಳಿಗೆ ಒಂದೇ ಅಲ್ಲ. ಅದಕ್ಕೇ ಅದನ್ನು ತೀರ್ಮಾನಿಸುವವರು ಮಂಚದ ಪಕ್ಕ ಇರುವವರಾಗಬಾರದು. ನ್ಯೂಯಾರ್ಕಿನವರೂ ಇದನ್ನು ಬೇರೆ ಅಧಿಕಾರಿ ಅಥವಾ ಸಮಿತಿಗೆ ಕೊಟ್ಟಿದ್ದಾರೆ. ಸಮಾನ ಸ್ಥಿತಿಯಲ್ಲಿ ಇಬ್ಬರಿದ್ದರೆ ಚೀಟಿ ಎತ್ತಿ ಅಂದಿದ್ದಾರೆ. ಮೇಷ್ಟ್ರ ನಾಣ್ಯ ಅಲ್ಲಿಗೆ ಬಂತು ನೋಡಿ.

ಹೈಟಿ ಭೂಕಂಪದಲ್ಲಿ, 2010ರಲ್ಲಿ, ಇಸ್ರೇಲ್ ಸೇನೆಯ ಬಯಲು ಆಸ್ಪತ್ರೆ ಕೇಳಿಕೊಂಡ ಪ್ರಶ್ನೆಗಳು ನನಗೆ ಇಷ್ಟ. ಈ ರೋಗಿಗೆ ಎಷ್ಟು ತುರ್ತು? ಇವರಿಗೆ ಬೇಕಾದದ್ದು ನಮ್ಮ ಹತ್ತಿರ ಇದೆಯಾ? ಸೇರಿಸಿಕೊಂಡರೆ ಜೀವ ಉಳಿಯುತ್ತಾ? ಕಷ್ಟದ ತೀರ್ಮಾನಗಳನ್ನು ಒಬ್ಬರ ತಲೆಗೆ ಕಟ್ಟದೆ ಹಿರಿಯ ವೈದ್ಯರು ಸೇರಿ ಮಾಡಿದರು. ಮನಸ್ಸಿನ ಭಾರ ಹಂಚಿಕೊಳ್ಳೋಕೆ ಅಂತಲೂ.

ಹೊಸ ಅಕ್ಕಿ:
ಸಮಿತಿ ಅಂದ ತಕ್ಷಣ ನೆಮ್ಮದಿಯಾಗಬೇಡಿ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಯಂತ್ರ ಬೆರಳೆಣಿಕೆಯಷ್ಟು. ಯಾರಿಗೆ ಕೊಡಬೇಕು ಅಂತ ಆರಿಸೋಕೆ ಏಳು ಜನರ ಸಮಿತಿ ಮಾಡಿದರು. ವಕೀಲ, ಪಾದ್ರಿ, ಬ್ಯಾಂಕಿನವರು, ಗೃಹಿಣಿ, ಹೀಗೆ. ಅವರು ನೋಡಿದ್ದು ಮದುವೆಯಾಗಿದೆಯಾ, ಸಂಪಾದನೆ ಎಷ್ಟು, ಚರ್ಚಿಗೆ ಹೋಗುತ್ತಾರಾ. ತಮ್ಮ ಹಾಗೆ ಇರುವವರನ್ನು ಆರಿಸಿದರು, ಇನ್ನೇನು ಮಾಡುತ್ತಾರೆ? ಸಮಿತಿಯೂ ಬೇಕು, ಅದು ಏನನ್ನು ನೋಡಬಾರದು ಅನ್ನುವ ಪಟ್ಟಿಯೂ ಬೇಕು.

ಆ ಸಮಸ್ಯೆ ಬಗೆಹರಿದದ್ದು ಸಮಿತಿ ಜಾಣ ಆದದ್ದರಿಂದ ಅಲ್ಲ. 1972ರಲ್ಲಿ ಅಮೆರಿಕದ ಸಂಸತ್ತು ಡಯಾಲಿಸಿಸ್ ಖರ್ಚನ್ನು ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಕೊಡಲಿ ಅಂತ ಕಾಯ್ದೆ ಮಾಡಿತು. ಪಟ್ಟಿಯೇ ಕರಗಿಹೋಯಿತು. ಯಾರನ್ನು ಬಿಡಬೇಕು ಅಂತ ಕೂದಲು ಸೀಳುವಾಗ, ಇಷ್ಟೇ ಯಂತ್ರ ಇರಲಿ ಅಂತ ಮೊದಲು ತೀರ್ಮಾನಿಸಿದವರು ಯಾರು ಅಂತಲೂ ಕೇಳಬೇಕಲ್ವಾ?

ಅಗ್ನಿದಳ:
ಎಷ್ಟೇ ಯಂತ್ರ ಇದ್ದರೂ ಮೊದಲ ಇಪ್ಪತ್ತು ನಿಮಿಷ ನಮ್ಮ ಕೈಯಲ್ಲಿ ನಾಲ್ಕು ಜನ, ಎರಡು ಸ್ಟ್ರೆಚರ್ ಮೇಡಂ. ಆಗ ಸಂಸತ್ತು ಬರಲ್ಲ.

ದಾರಿಹೋಕ:
ಎಲ್ಲವನ್ನೂ ಓದಿದೆ. ಕೆಲವು ಕಡೆ ಎರಡು ಸಲ. ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು, ಆದರೆ ಒಂದು ಉಳಿದಿದೆ. ಕಪ್ಪು ಕಟ್ಟಿದ ಮೇಲೆ ಅವರ ಗತಿ ಏನು? ಸುಮ್ನೆ ಬಿಟ್ಟುಹೋಗುವುದಾ?

ರಾತ್ರಿಪಾಳಿ:
ಬಹಳ ಮುಖ್ಯವಾದ ಪ್ರಶ್ನೆ ಇದು. ಟ್ಯಾಗ್ ಆ ಕ್ಷಣದ ಸ್ಥಿತಿ ಹೇಳುತ್ತೆ ಅಷ್ಟೇ. ಮತ್ತೆ ಮತ್ತೆ ನೋಡಬೇಕು. ಬಸ್ಸು ಉರುಳಿದ ಒಂದು ಅಪಘಾತದಲ್ಲಿ ಹಸಿರು ಗುಂಪಿನಲ್ಲಿ ಒಬ್ಬ ಹುಡುಗ ಗೋಡೆಗೆ ಒರಗಿ ಕೂತಿದ್ದ. ಬೇರೆಯವರು ಫೋನ್ ಮಾಡುತ್ತಿದ್ದರು, ಜಗಳ ಆಡುತ್ತಿದ್ದರು. ಇವನು ಆಕಳಿಸುತ್ತಿದ್ದ, ಹಣೆ ತುಂಬ ತಣ್ಣನೆ ಬೆವರು. ಹೊಟ್ಟೆ ಮುಟ್ಟಿದರೆ ಹಲಗೆ ಇದ್ದ ಹಾಗೆ. ಒಳಗೆ ಗುಲ್ಮ ಒಡೆದಿತ್ತು. ಅವನು ನಡೆದುಕೊಂಡೇ ಬಂದಿದ್ದ. ಭೂಕಂಪದಲ್ಲಿ ಅವಶೇಷದ ಕೆಳಗೆ ಕಾಲು ಸಿಕ್ಕಿಕೊಂಡು ಚೆನ್ನಾಗಿ ಮಾತಾಡುತ್ತಿದ್ದವರು, ಭಾರ ಎತ್ತಿದ ಮೇಲೆ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲುವುದೂ ಇದೆ. ಬಣ್ಣ ಬದಲಾಗುತ್ತೆ.

ಇನ್ನು ಉಸಿರು ಇದೆ, ಆದರೆ ಈಗ ಇರುವ ಸೌಲಭ್ಯದಲ್ಲಿ ಉಳಿಯಲ್ಲ ಅನ್ನುವವರಿದ್ದಾರೆ. ಸ್ಟಾರ್ಟ್ ಪದ್ಧತಿಯಲ್ಲಿ ಅವರಿಗೆ ಬೇರೆ ಬಣ್ಣ ಇಲ್ಲ. ಆಮೇಲೆ 2008ರಲ್ಲಿ ಬಂದ ಸಾಲ್ಟ್ ಪದ್ಧತಿಯಲ್ಲಿ ಬೂದು ಅಂತ ಒಂದು ಬಣ್ಣ ಸೇರಿಸಿದ್ದಾರೆ. ಬೂದು ಅಂದರೆ ಸತ್ತವರಲ್ಲ. ಕೆಂಪಿನವರನ್ನು ಕಳಿಸಿದ ಮೇಲೆ, ಇನ್ನೊಂದು ತಂಡ ಬಂದ ಮೇಲೆ, ಅವರ ಹತ್ತಿರ ವಾಪಸ್ ಹೋಗಬೇಕು. ಅಲ್ಲಿಯವರೆಗೂ ನೋವಿಗೆ ಔಷಧ, ಮೈಮೇಲೆ ಹೊದಿಕೆ, ಪಕ್ಕದಲ್ಲಿ ಒಬ್ಬರು. ಇದಕ್ಕೆ ಡಾಕ್ಟರೇ ಆಗಬೇಕಿಲ್ಲ. ವಿಶ್ವ ವೈದ್ಯಕೀಯ ಸಂಘದ ದುರಂತ ನೀತಿಯೂ ಎರಡನ್ನೂ ಒಟ್ಟಿಗೆ ಹೇಳುತ್ತೆ. ಉಳಿಯದವರ ಮೇಲೆ ಪಟ್ಟು ಹಿಡಿದು ಇರುವುದನ್ನೆಲ್ಲ ಸುರಿಯುವುದು ತಪ್ಪು. ಅವರಿಗೆ ಗೌರವ ಕೊಡದೆ, ನೋವು ಕಡಿಮೆ ಮಾಡದೆ ಬಿಡುವುದೂ ತಪ್ಪು.

ಗಾಲಿಕುರ್ಚಿ:
ಬೂದು ಬಣ್ಣದವರನ್ನು ಮತ್ತೆ ನೋಡಿದರು ಅಂತ ಎಲ್ಲಾದರೂ ಬರೆದಿಡುತ್ತಾರಾ ಮೇಡಂ? ಯಾರು, ಎಷ್ಟು ಹೊತ್ತಿಗೆ, ಯಾಕೆ ಬೂದು ಅಂತ? ಬರೆಯದಿದ್ದರೆ ನನ್ನ ಅನುಮಾನ ಹೋಗಲ್ಲ.

ರಾತ್ರಿಪಾಳಿ:
ಟ್ಯಾಗ್ ಮೇಲೆ ಹೊತ್ತು ಬರೆಯೋಕೆ ಜಾಗ ಇದೆ. ಗಲಾಟೆಯಲ್ಲಿ ಎಷ್ಟೋ ಸಲ ಖಾಲಿ ಇರುತ್ತೆ. ಕಾರಣ ಬರೆಯೋಕೆ ಜಾಗವೇ ಇರಲ್ಲ. ನಿಮ್ಮ ಅನುಮಾನ ಇಟ್ಟುಕೊಳ್ಳಿ, ಅದು ಇರಬೇಕಾದದ್ದೇ.

ದಾರಿಹೋಕ:
ಕೊನೆಯದಾಗಿ ಅಗ್ನಿದಳದವರಿಗೆ. ಕಪ್ಪು ಕಟ್ಟಿದವರ ಪಕ್ಕದಲ್ಲಿ ಅವರ ತಾಯಿಯೋ ಹೆಂಡತಿಯೋ ಕೂತು ನನ್ನ ಕೈ ಹಿಡಿದು ಎಳೆದರೆ ಏನು ಮಾಡಬೇಕು ಸರ್?

ಅಗ್ನಿದಳ:
ವಾದ ಮಾಡಬೇಡಿ, ಟ್ರಯಾಜ್ ನಿಯಮ, ಅಂದರೆ ಯಾರು ಮೊದಲು ಅನ್ನುವ ಈ ನಿಯಮ, ವಿವರಿಸೋಕೆ ಹೋಗಬೇಡಿ. ಸುಳ್ಳೂ ಹೇಳಬೇಡಿ. ‘ನೋಡಿದ್ದೇನಮ್ಮ, ಉಸಿರು ಇಲ್ಲ, ನಾನು ಅಲ್ಲಿಗೆ ಹೋಗಲೇಬೇಕು’ ಅಂತ ಒಂದೇ ಸಲ ಹೇಳಿ. ಹಸಿರು ಗುಂಪಿನಿಂದ ಗಟ್ಟಿ ಇರುವ ಒಬ್ಬರನ್ನು ಕೂಗಿ ಕರೆದು ಅವರ ಪಕ್ಕ ಕೂರಿಸಿ. ಆಮೇಲೆ ಕೈ ಬಿಡಿಸಿಕೊಂಡು ಹೋಗಿ. ಬಿಡಿಸಿಕೊಳ್ಳೋಕೆ ಆಗದಿದ್ದರೆ ನಿಮ್ಮ ಜೊತೆಗಾರನನ್ನು ಕೂಗಿ. ಅದಕ್ಕೇ ಇಬ್ಬಿಬ್ಬರು ಹೋಗಿ ಅನ್ನುವುದು, ಒಬ್ಬರೇ ಹೋಗಬೇಡಿ.